ಹತ್ತನೆಯ ಒಂದಂಶದ ಐವತ್ತೈದು ಅಂಕಿಗಳು

ಗಣಕಯಂತ್ರಕ್ಕೆ 0.1 ಎಂಬ ಸಂಖ್ಯೆಯನ್ನು ಬರೆದುಕೊಟ್ಟು, ಅದನ್ನು ಅದು ತನ್ನೊಳಗೆ ಯಾವ ರೂಪದಲ್ಲಿ ಇರಿಸಿಕೊಂಡಿದೆಯೋ ಆ ರೂಪದ ನಿಜವಾದ ಬೆಲೆಯನ್ನು ಒಂದಂಕಿಯನ್ನೂ ಬಿಡದೆ ದಶಮಾನದಲ್ಲಿ ತಿಳಿಸೆಂದು ಕೇಳಿದರೆ, ಪೈಥಾನ್, ಜಾವಾ ಮೊದಲಾದ ಭಾಷೆಗಳಲ್ಲಿ ದೊರೆಯುವ ಉತ್ತರವಿದು:

0.1000000000000000055511151231257827021181583404541015625

ಇದನ್ನು ಮೊದಲ ಬಾರಿ ಕಂಡವರು ಯಂತ್ರವು ಎಲ್ಲಿಯೋ ತಪ್ಪಿತೆಂದು ಭಾವಿಸುವುದು ಸಹಜ. ಆದರೆ ಬಿಂದುವಿನ ಬಲಕ್ಕೆ ನಿಂತಿರುವ ಆ 55 ಅಂಕಿಗಳಲ್ಲಿ ಒಂದಾದರೂ ತಪ್ಪಲ್ಲ, ಒಂದಾದರೂ ಅಂದಾಜಿನದಲ್ಲ. 56ನೆಯ ಅಂಕಿಯೆಂಬುದು ಅಲ್ಲಿ ಇಲ್ಲವೇ ಇಲ್ಲ, ಸಂಖ್ಯೆಯು ಅಲ್ಲಿಗೆ ಪೂರ್ಣವಾಗಿ ಮುಗಿಯುತ್ತದೆ. ಗಣಕವು ಭಿನ್ನಗಳನ್ನು ಹೀಗೆ ಇರಿಸಿಕೊಳ್ಳುವ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳೆಂದರೆ ಅಂಚು ಮಸುಕಾದ, ಇಂತಿಷ್ಟೆಂದು ಹೇಳಲು ಬಾರದ ರಾಶಿಗಳೆಂಬ ನಂಬಿಕೆ ಪ್ರೋಗ್ರಾಂ ಬರೆಯುವವರಲ್ಲಿಯೂ ಆಳವಾಗಿ ಬೇರೂರಿದೆ. ವಾಸ್ತವವಾಗಿ ಯಂತ್ರದೊಳಗಿನ ಪ್ರತಿಯೊಂದು ಸಂಖ್ಯೆಯೂ ಖಚಿತವಾದ ಒಂದು ಭಿನ್ನರಾಶಿ. ನಾವು ದಶಮಾನದಲ್ಲಿ ಬರೆದುದನ್ನು ಅದು ದ್ವಿಮಾನಕ್ಕೆ ತಿರುಗಿಸಿಕೊಳ್ಳುವಾಗ ಒಮ್ಮೆ, ಲೆಕ್ಕದ ಫಲವನ್ನು ತನ್ನ ಪರಿಮಿತವಾದ ಸ್ಥಳದಲ್ಲಿ ಹಿಡಿಸುವಾಗ ಮತ್ತೊಮ್ಮೆ, ಹೀಗೆ ಗುರುತಿಸಬಹುದಾದ ಸಂದರ್ಭಗಳಲ್ಲಿ ಮಾತ್ರ ಅಂದಾಜು ಪ್ರವೇಶಿಸುತ್ತದೆ. ಒಳಗಿರುವುದನ್ನು ದಶಮಾನಕ್ಕೆ ತರುವ ಕಾರ್ಯದಲ್ಲಾದರೋ ಅಂದಾಜಿನ ಅವಶ್ಯಕತೆಯೇ ಇಲ್ಲ.

ದ್ವಿಮಾನ ಭಿನ್ನಗಳೆಂದರೆ ನಮ್ಮವರಿಗೆ ಅಪರಿಚಿತವಾದ ವಸ್ತುವೇನೂ ಅಲ್ಲ. ಅರೆ, ಕಾಲು, ಅರೆಕಾಲು, ವೀಸ, ಅರೆವೀಸವೆಂದು ಒಂದನ್ನು ಎರಡಾಗಿ, ಎರಡನ್ನು ನಾಲ್ಕಾಗಿ, ನಾಲ್ಕನ್ನು ಎಂಟಾಗಿ, ಎಂಟನ್ನು ಹದಿನಾರಾಗಿ ಒಡೆಯುತ್ತ ಹೋದ ಹಳೆಯ ಕನ್ನಡ ಲೆಕ್ಕದಲ್ಲಿ ಛೇದಗಳೆಲ್ಲವೂ ಎರಡರ ಘಾತಗಳೇ ಆಗಿದ್ದವು. ರೂಪಾಯಿಗೆ ಹದಿನಾರಾಣೆಯೆಂಬ ವ್ಯವಸ್ಥೆಯೂ, ಆಣೆಯೊಳಗಿನ ಪೈಗಳನ್ನು ಬದಿಗಿಟ್ಟು ನೋಡಿದರೆ, ಅದೇ ಕ್ರಮದ್ದು. 1957ನೆಯ ಏಪ್ರಿಲ್ 1ರಂದು ಭಾರತವು ದಶಮಾನ ನಾಣ್ಯಪದ್ಧತಿಯನ್ನು ಸ್ವೀಕರಿಸಿ ರೂಪಾಯಿಗೆ ನೂರು ನಯಾಪೈಸೆಯೆಂದು ವಿಧಿಸಿದಾಗ, ಪ್ರತಿಯೊಬ್ಬ ಅಂಗಡಿಕಾರನೂ ಪ್ರತಿಯೊಬ್ಬ ಗುಮಾಸ್ತನೂ ದ್ವಿಮಾನ ಭಿನ್ನವನ್ನು ದಶಮಾನಕ್ಕೆ ಪರಿವರ್ತಿಸುವ ಕೆಲಸದಲ್ಲಿ ತೊಡಗಬೇಕಾಯಿತು. ಹದಿನಾರನೆಯ ಒಂದಂಶವೆಂದರೆ 0.0625, ಅಂದರೆ ಒಂದಾಣೆಗೆ ಸರಿಯಾಗಿ ಆರೂಕಾಲು ನಯಾಪೈಸೆ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ವ್ಯವಹಾರದಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆಗಳೆಂದು ನಿಶ್ಚಯಿಸಿದರು. ಮೂರಾಣೆಯನ್ನು ಒಟ್ಟಿಗೆ ಕೊಟ್ಟವನು 19 ಪೈಸೆ ತೆತ್ತರೆ, ಒಂದೊಂದಾಣೆಯಾಗಿ ಮೂರು ಬಾರಿ ಕೊಟ್ಟವನು 18 ಪೈಸೆ ಮಾತ್ರ ತೆರುತ್ತಿದ್ದನು. ಇಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳು ನಡೆದಿವೆಯೆಂಬುದನ್ನು ಗಮನಿಸಬೇಕು: 0.0625 ಎಂಬ ಪರಿವರ್ತನೆ ಒಂದು, ಅದನ್ನು 0.06ಕ್ಕೆ ಇಳಿಸಿದ ಸಮೀಪೀಕರಣ ಇನ್ನೊಂದು. ಮೊದಲನೆಯದು ಗಣಿತ, ಎರಡನೆಯದು ನಾಣ್ಯದ ಅಭಾವದಿಂದ ಬಂದ ಒಪ್ಪಂದ. ಇವೆರಡನ್ನೂ ಒಂದೆಂದು ತಿಳಿದಲ್ಲಿ ಗಣಕದ ಸಂಖ್ಯೆಗಳ ವಿಷಯದಲ್ಲಿ ಹುಟ್ಟುವ ಗೊಂದಲಗಳಿಗೆ ಪರಿಹಾರವೇ ದೊರೆಯಲಾರದು.

ಎರಡರ ಘಾತವನ್ನು ಛೇದವಾಗಿ ಉಳ್ಳ ಯಾವ ಭಿನ್ನವೇ ಆಗಲಿ ದಶಮಾನದಲ್ಲಿ ಎಲ್ಲಿಯಾದರೊಂದು ಕಡೆ ನಿಂತೇ ನಿಲ್ಲಬೇಕೆಂಬುದಕ್ಕೆ ಕಾರಣ ಬಹು ಸರಳವಾದುದು. ಹತ್ತೆಂಬುದು ಎರಡು ಮತ್ತು ಐದರ ಗುಣಲಬ್ಧ. ಆದುದರಿಂದ ಛೇದದಲ್ಲಿ ಎಷ್ಟು ಎರಡುಗಳಿವೆಯೋ ಅಷ್ಟು ಐದುಗಳಿಂದ ಅಂಶವನ್ನೂ ಛೇದವನ್ನೂ ಗುಣಿಸಿದರೆ ಛೇದವು ಹತ್ತರ ಘಾತವಾಗಿ ಮಾರ್ಪಡುತ್ತದೆ. ಬಳಿಕ ಉಳಿಯುವುದು ಬಿಂದುವನ್ನು ತಕ್ಕ ಸ್ಥಾನದಲ್ಲಿ ಇರಿಸುವುದೊಂದೇ. ಉದಾಹರಣೆಗೆ 13ರ ಕೆಳಗೆ 64 ಎಂಬ ಭಿನ್ನವನ್ನು ತೆಗೆದುಕೊಳ್ಳೋಣ. 64ರಲ್ಲಿ ಎರಡು ಆರು ಬಾರಿ ಅಡಗಿದೆ. ಐದನ್ನು ಆರು ಬಾರಿ ಗುಣಿಸಿದರೆ 15625. ಅದನ್ನು 13ರಿಂದ ಗುಣಿಸಿದರೆ 203125. ಛೇದವು ಹತ್ತು ಲಕ್ಷವಾಗುವುದರಿಂದ ಭಿನ್ನದ ಬೆಲೆ 0.203125. ಸಂಕ್ಷೇಪಿಸಿದ ಭಿನ್ನದ ಛೇದದಲ್ಲಿ ಎಷ್ಟು ಎರಡುಗಳೋ ಬಿಂದುವಿನ ಬಲಕ್ಕೆ ಸರಿಯಾಗಿ ಅಷ್ಟೇ ಅಂಕಿಗಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಲಾಗಿ ಅಂಶವು ಬೆಸಸಂಖ್ಯೆಯೇ ಆಗಿರುವುದರಿಂದ ಐದರಿಂದ ಗುಣಿತವಾದ ಫಲದ ಕೊನೆಯ ಅಂಕಿ ತಪ್ಪದೆ 5 ಆಗಿರುತ್ತದೆ. ಮೇಲೆ ಕೊಟ್ಟ ಉದ್ದನೆಯ ಸಂಖ್ಯೆಯ ಕೊನೆಯಲ್ಲಿ 5 ಇರುವುದು ಆಕಸ್ಮಿಕವಲ್ಲ.

ಇದರ ವಿಲೋಮವು ಮಾತ್ರ ನಿಜವಲ್ಲ, ಮತ್ತು ಎಲ್ಲ ತೊಡಕಿನ ಮೂಲವೂ ಇಲ್ಲಿಯೇ ಇರುವುದು. ಹತ್ತರಲ್ಲಿ ಎರಡು ಅಡಗಿದೆ. ಎರಡರ ಘಾತಗಳಲ್ಲಿ ಐದು ಎಲ್ಲಿಯೂ ಇಲ್ಲ. ಹತ್ತನೆಯ ಒಂದಂಶವನ್ನು ವೀಸ, ಅರೆವೀಸಗಳಲ್ಲಿ ಅಳೆಯಲು ಯತ್ನಿಸಿದರೆ ಒಂದು ಸೊಗಸಾದ ಸಂಗತಿ ಗೋಚರವಾಗುತ್ತದೆ. 0.1ರಿಂದ ಒಂದು ವೀಸವನ್ನು, ಎಂದರೆ 0.0625ನ್ನು, ಕಳೆದರೆ 0.0375 ಉಳಿಯುತ್ತದೆ, ಅದರಿಂದ ಒಂದು ಅರೆವೀಸವನ್ನು, ಎಂದರೆ 0.03125ನ್ನು, ಕಳೆದರೆ 0.00625 ಉಳಿಯುತ್ತದೆ, ಈ ಶೇಷವಾದರೋ ನಾವು ಮೊದಲು ಹಿಡಿದ ಹತ್ತನೆಯ ಒಂದಂಶದ ಹದಿನಾರನೆಯ ಒಂದು ಪಾಲೇ ಆಗಿದೆ. ಅಳೆಯಲು ಹೊರಟ ವಸ್ತುವೇ ಸಣ್ಣ ಆಕಾರದಲ್ಲಿ ಮತ್ತೆ ಎದುರಿಗೆ ಬಂದು ನಿಂತ ಮೇಲೆ ಆ ಅಳತೆಗೆ ಅಂತ್ಯವುಂಟೆ? ಅದಕ್ಕೂ ಒಂದು ವೀಸದ ವೀಸ, ಅರೆವೀಸದ ವೀಸ, ಮತ್ತೆ ಅದೇ ಶೇಷ. ಹೀಗೆ ಹತ್ತನೆಯ ಒಂದಂಶದ ದ್ವಿಮಾನ ರೂಪವು 0.000110011001100… ಎಂದು ಎರಡು ಸೊನ್ನೆ, ಎರಡು ಒಂದುಗಳ ಪುನರಾವೃತ್ತಿಯಾಗಿ ಅನಂತವಾಗಿ ಸಾಗುತ್ತದೆ.

ಯಂತ್ರದಲ್ಲಾದರೋ ಅನಂತಕ್ಕೆ ಸ್ಥಳವಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ವಿಲಿಯಂ ಕಹಾನ್ ಅವರ ನೇತೃತ್ವದ ಚಿಂತನೆಯಿಂದ ರೂಪುಗೊಂಡು 1985ರಲ್ಲಿ ಪ್ರಕಟವಾದ ಐಇಇಇ 754 ಎಂಬ ಮಾನಕವನ್ನು ಇಂದಿನ ಗಣಕಗಳೆಲ್ಲವೂ ಸಾಮಾನ್ಯವಾಗಿ ಅನುಸರಿಸುತ್ತವೆ. ಈ ಕಾರ್ಯಕ್ಕಾಗಿ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆ ಮಾನಕದಂತೆ ಡಬಲ್ ಎಂದು ಕರೆಯುವ ಸಂಖ್ಯೆಗೆ 64 ಬಿಟ್‌ಗಳು: ಚಿಹ್ನೆಗೆ ಒಂದು, ಘಾತಾಂಕಕ್ಕೆ 11, ಉಳಿದ 52 ಭಿನ್ನಭಾಗಕ್ಕೆ, ಮೊದಲ ಅಂಕಿ ಸಾಧಾರಣವಾಗಿ ಒಂದೇ ಆಗಿರುವುದರಿಂದ ಅದನ್ನು ಬರೆಯದೆಯೇ ಇದೆಯೆಂದು ಗ್ರಹಿಸಿ ಒಟ್ಟು 53 ದ್ವಿಮಾನ ಅಂಕಿಗಳ ಖಚಿತತೆಯನ್ನು ಸಾಧಿಸುತ್ತಾರೆ. ಹತ್ತನೆಯ ಒಂದಂಶವನ್ನು ಈ ಅಳತೆಯಲ್ಲಿ ಹಿಡಿಸಬೇಕಾದರೆ, ಬಿಂದುವಿನ ನಂತರದ ಮೂರು ಸೊನ್ನೆಗಳೂ ಈ 53 ಅಂಕಿಗಳೂ ಸೇರಿ 56 ಸ್ಥಾನಗಳಾಗುವುದರಿಂದ, ಎರಡರ 56ನೆಯ ಘಾತವನ್ನು ಹತ್ತರಿಂದ ಭಾಗಿಸಬೇಕು. ಬರುವ ಫಲ 7205759403792793.6. ಅಂಶವು ಪೂರ್ಣಾಂಕವೇ ಆಗಬೇಕಾದುದರಿಂದ ಅದು ಮೇಲಿನ 7205759403792794ಕ್ಕೆ ಏರುತ್ತದೆ. ಈ 0.4ರಷ್ಟು ಏರಿಕೆಯೇ ನಮ್ಮ ಉದ್ದನೆಯ ಸಂಖ್ಯೆಯಲ್ಲಿ 18ನೆಯ ಸ್ಥಾನದಿಂದ ಕಾಣಿಸಿಕೊಳ್ಳುವ 555… ಎಂಬ ಬಾಲ. ಭಿನ್ನವನ್ನು ಎರಡರಿಂದ ಸಂಕ್ಷೇಪಿಸಿದರೆ ಅಂಶವು 3602879701896397 ಎಂಬ ಬೆಸಸಂಖ್ಯೆ, ಛೇದವು ಎರಡರ 55ನೆಯ ಘಾತ. ಆದುದರಿಂದಲೇ ಬಿಂದುವಿನ ಬಲಕ್ಕೆ 55 ಅಂಕಿಗಳು.

ಇಂತಹ ವಿಸ್ತರಣೆಯನ್ನು ಪ್ರೋಗ್ರಾಂ ಮೂಲಕ ಮಾಡಿಸುವ ಮಾರ್ಗಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ತೋರುವುದು ಹತ್ತರ ಗುಣಾಕಾರದ ಮಾರ್ಗ. ಭಿನ್ನವನ್ನು ಹತ್ತರಿಂದ ಗುಣಿಸಬೇಕು. ಬಿಂದುವನ್ನು ದಾಟಿ ಎಡಕ್ಕೆ ಬಂದ ಪೂರ್ಣಾಂಕವನ್ನು ಮುಂದಿನ ದಶಮಾನ ಅಂಕಿಯೆಂದು ಬರೆದುಕೊಳ್ಳಬೇಕು. ಉಳಿದ ಭಿನ್ನವನ್ನು ಮತ್ತೆ ಹತ್ತರಿಂದ ಗುಣಿಸಬೇಕು. ಎಂಟರಲ್ಲಿ ಐದು ಭಾಗವನ್ನು ಹೀಗೆ ಗುಣಿಸಿದರೆ 6.25, ಅದರ ಕಾಲನ್ನು ಗುಣಿಸಿದರೆ 2.5, ಅದರ ಅರೆಯನ್ನು ಗುಣಿಸಿದರೆ 5. ಶೇಷವು ಸೊನ್ನೆ, ಉತ್ತರವು 0.625. ಹತ್ತರಿಂದ ಗುಣಿಸಿದಾಗಲೆಲ್ಲ ಅದರೊಳಗಿನ ಎರಡು ದ್ವಿಮಾನ ಬಿಂದುವಿನ ಬಲಬದಿಯಲ್ಲಿ ಒಂದು ಬಿಟ್ಟನ್ನು ಕಡಿಮೆ ಮಾಡುತ್ತ ಬರುವುದರಿಂದ, ಆರಂಭದಲ್ಲಿ ಎಷ್ಟು ಬಿಟ್‌ಗಳಿದ್ದುವೋ ಅಷ್ಟು ಹೆಜ್ಜೆಗಳಲ್ಲಿ ಕೆಲಸ ಮುಗಿಯಲೇಬೇಕು. ಆದರೆ ಈ ಗುಣಾಕಾರದಲ್ಲಿ ಒಂದು ಬಿಟ್ಟೂ ಕಳೆದುಹೋಗಬಾರದು. ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಿಂದಲೇ ಇದನ್ನು ಮಾಡಹೊರಟರೆ ಪ್ರತಿಹೆಜ್ಜೆಯಲ್ಲಿಯೂ ಹೊಸ ಸಮೀಪೀಕರಣ ನುಸುಳುವ ಅಪಾಯವಿರುವುದರಿಂದ, ಎಷ್ಟು ಉದ್ದಕ್ಕಾದರೂ ಬೆಳೆಯಬಲ್ಲ ಪೂರ್ಣಾಂಕಗಳನ್ನು ಬಳಸಬೇಕಾಗುತ್ತದೆ. ಆ ಉದ್ದವಾದರೂ ಸಾಮಾನ್ಯವಾದುದಲ್ಲ. ಡಬಲ್ ಹಿಡಿಯಬಲ್ಲ ಅತ್ಯಂತ ದೊಡ್ಡ ಸಂಖ್ಯೆ 309 ಅಂಕಿಗಳ ಪೂರ್ಣಾಂಕ. ಅತ್ಯಂತ ಸಣ್ಣದಾದ ಧನಸಂಖ್ಯೆ ಒಂದನ್ನು ಎರಡರ 1074ನೆಯ ಘಾತದಿಂದ ಭಾಗಿಸಿದಾಗ ಬರುವಂಥದು. ಅದನ್ನು ಪೂರ್ತಿಯಾಗಿ ಬರೆದರೆ ಬಿಂದುವಿನ ನಂತರ 323 ಸೊನ್ನೆಗಳು, ಅವುಗಳ ನಂತರ 751 ಅಂಕಿಗಳು. ಸೊನ್ನೆಗಳನ್ನು ಬಿಟ್ಟು ಎಣಿಸಿದರೆ ಯಾವ ಡಬಲ್ ಸಂಖ್ಯೆಗಾದರೂ 767ಕ್ಕಿಂತ ಹೆಚ್ಚು ಅಂಕಿಗಳು ಬೇಕಾಗಲಾರವು.

ಹೀಗೆ ಪರಿವರ್ತನೆಯ ತತ್ತ್ವವು ಶಾಲಾ ಬಾಲಕನಿಗೂ ಎಟುಕುವಂಥದು. ಅದರಿಂದಲೇ ಇದು ಬಗೆಹರಿದ ವಿಷಯವೆಂದು ಹಿರಿಯರು ಭಾವಿಸಿದ್ದರು. ಜರ್ಮನಿಯ ಕೊನ್ರಾಡ್ ಝೂಸೆ 1941ರಲ್ಲಿ ಪೂರ್ಣಗೊಳಿಸಿದ ಝಡ್3 ಎಂಬ ಯಂತ್ರವು ಒಳಗೆ ದ್ವಿಮಾನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ ಲೆಕ್ಕಮಾಡುತ್ತ, ಹೊರಗೆ ಕೀಲಿಮಣೆಯಲ್ಲಿಯೂ ದೀಪಗಳಲ್ಲಿಯೂ ದಶಮಾನವನ್ನೇ ಬಳಸುತ್ತಿತ್ತು. 1946ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಬರ್ಕ್ಸ್, ಗೋಲ್ಡ್‌ಸ್ಟೈನ್, ಫಾನ್ ನಾಯ್ಮನ್ ಎಂಬ ಮೂವರು ವಿದ್ವಾಂಸರು ಸಿದ್ಧಪಡಿಸಿದ ಪ್ರಸಿದ್ಧ ವರದಿಯು ಗಣಕಯಂತ್ರಕ್ಕೆ ದ್ವಿಮಾನವೇ ಯೋಗ್ಯವೆಂದು ವಾದಿಸಿ, ಮನುಷ್ಯನಿಗಾಗಿ ದಶಮಾನಕ್ಕೆ ತಿರುಗಿಸುವ ರೀತಿ ಸಂಪೂರ್ಣವಾಗಿ ತಿಳಿದಿರುವುದರಿಂದ ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದೆಂಬ ಅಭಿಪ್ರಾಯವನ್ನು ತಿಳಿಸಿತು. ತತ್ತ್ವದ ದೃಷ್ಟಿಯಿಂದ ಆ ಮಾತು ಸರಿ. ಆದರೂ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯನ್ನು ಓದುವ ಮತ್ತು ಬರೆಯುವ ಕೆಲಸವು ನಿರ್ದೋಷವಾಗಿ ನೆರವೇರುವ ವಿಧಾನಗಳು ಪ್ರಕಟವಾಗಿ ಬಳಕೆಗೆ ಬರಲು ಅಲ್ಲಿಂದ ಮುಂದೆ 44 ವರ್ಷಗಳೇ ಬೇಕಾದುವು.

ತೊಡಕು ಇದ್ದುದು ಪೂರ್ಣ ವಿಸ್ತರಣೆಯಲ್ಲಲ್ಲ, ಅದನ್ನು ಮೊಟಕುಗೊಳಿಸುವುದರಲ್ಲಿ. 0.1 ಎಂದು ಬರೆದವನಿಗೆ ಪ್ರತಿಸಲವೂ 55 ಅಂಕಿಗಳನ್ನು ಓದಿಸುವುದು ಉಪಕಾರವಾಗದು. ಹಾಗೆಂದು ಕೆಲವೇ ಅಂಕಿಗಳನ್ನು ತೋರಿಸಿ ಉಳಿದುದನ್ನು ಅಡಗಿಸಿದರೆ, ಆ ಬರಹವನ್ನು ಮತ್ತೆ ಯಂತ್ರಕ್ಕೆ ಕೊಟ್ಟಾಗ ಬೇರೊಂದು ಸಂಖ್ಯೆ ಹುಟ್ಟಬಹುದು. ಎಷ್ಟು ಅಂಕಿಗಳಿದ್ದರೆ ಮೂಲ ಸಂಖ್ಯೆಯು ತಪ್ಪದೆ ಹಿಂತಿರುಗಿ ಬರುತ್ತದೆಯೆಂಬ ಪ್ರಶ್ನೆಗೆ 1968ರಲ್ಲಿ ಡೇವಿಡ್ ಮಟುಲಾ ಅವರು ಸಾಮಾನ್ಯ ನಿಯಮವನ್ನು ನಿರೂಪಿಸಿದರು. ಅದರಂತೆ ಡಬಲ್‌ಗೆ 17 ಅಂಕಿಗಳು ಎಂದಿಗೂ ಸಾಕು. ಆದರೆ ಸಾಕೆಂಬುದು ಬೇರೆ, ಅವಶ್ಯಕವೆಂಬುದು ಬೇರೆ. ನಮ್ಮ ಸಂಖ್ಯೆಯನ್ನು 17 ಅಂಕಿಗಳಲ್ಲಿ ಬರೆದರೆ 0.10000000000000001 ಎಂದಾಗುತ್ತದೆ, ಬರಿಯ 0.1 ಎಂದು ಬರೆದರೂ ಯಂತ್ರವು ಹಿಂತಿರುಗಿ ಅದೇ ಸಂಖ್ಯೆಯನ್ನೇ ತಲಪುತ್ತದೆ. ಒಂದು ಡಬಲ್ ಸಂಖ್ಯೆಗೂ ಅದರ ಅಕ್ಕಪಕ್ಕದ ಡಬಲ್‌ಗಳಿಗೂ ನಡುವಣ ಅಂತರದ ಅರ್ಧದಷ್ಟು ದೂರದವರೆಗೆ ಎರಡೂ ಕಡೆ ಅದರ ಸ್ವಂತ ನೆಲವಿದೆ. ಆ ನೆಲದೊಳಗೆ ಬೀಳುವ ದಶಮಾನ ಸಂಖ್ಯೆಗಳಲ್ಲಿ ಅತ್ಯಂತ ಕಡಿಮೆ ಅಂಕಿಗಳುಳ್ಳದನ್ನೂ, ಅಂಥವು ಹಲವಿದ್ದರೆ ನಿಜಬೆಲೆಗೆ ಅತಿ ಸಮೀಪವಾದುದನ್ನೂ ಆರಿಸಬೇಕೆಂಬ ಆದರ್ಶವನ್ನು ಗೈ ಸ್ಟೀಲ್ ಮತ್ತು ಜಾನ್ ವೈಟ್ ಅವರು 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದರು. ಅದೇ ಸಮ್ಮೇಳನದಲ್ಲಿ ವಿಲಿಯಂ ಕ್ಲಿಂಜರ್ ಅವರು ಇದರ ವಿಲೋಮವಾದ ಓದುವ ಸಮಸ್ಯೆಗೆ ಉತ್ತರ ಕೊಟ್ಟರು. ಬೆಲ್ ಪ್ರಯೋಗಾಲಯದ ಡೇವಿಡ್ ಗೇ ಅವರು ಎರಡನ್ನೂ ನಿರ್ವಹಿಸುವ ಪ್ರೋಗ್ರಾಂ ಬರೆದು ಲೋಕಕ್ಕೆ ನೀಡಿದರು. ಪೈಥಾನ್ ಭಾಷೆಯು 2009ರ 3.1ನೆಯ ಆವೃತ್ತಿಯಲ್ಲಿ ಗೇ ಅವರ ಈ ಕೃತಿಯನ್ನು ಆಧರಿಸಿ ಅತಿಹ್ರಸ್ವ ರೂಪವನ್ನೇ ತೋರಿಸತೊಡಗಿತು. ಅಲ್ಲಿಂದೀಚೆಗೆ 2010ರಲ್ಲಿ ಫ್ಲೋರಿಯನ್ ಲೋಯಿಟ್ಶ್ ಅವರ ಗ್ರಿಸು, 2018ರಲ್ಲಿ ಉಲ್ಫ್ ಆಡಮ್ಸ್ ಅವರ ರ್ಯೂ ಎಂಬ ವಿಧಾನಗಳು ಬಂದು ಇದೇ ಫಲವನ್ನು ಬಹಳ ಶೀಘ್ರವಾಗಿ ದೊರಕಿಸುತ್ತಿವೆ.

ಈ ಅತಿಹ್ರಸ್ವ ರೂಪವು ಮನುಷ್ಯನ ಕಣ್ಣಿಗೆ ಹಿತವಾದುದು. ಆದರೆ ಅದು ಸಂಖ್ಯೆಯನ್ನು ಗುರುತಿಸುವ ಹೆಸರೇ ಹೊರತು ಅದರ ಬೆಲೆಯಲ್ಲ. ಈ ಭೇದವನ್ನು ಮರೆತವರೇ 0.1 ಮತ್ತು 0.2ನ್ನು ಕೂಡಿಸಿದಾಗ 0.30000000000000004 ಬಂದುದನ್ನು ಕಂಡು ಯಂತ್ರಕ್ಕೆ ಸಂಕಲನವೇ ತಿಳಿಯದೆಂದು ದೂರುವವರು. ಪೂರ್ಣ ವಿಸ್ತರಣೆಯನ್ನು ಎದುರಿಗಿಟ್ಟುಕೊಂಡರೆ ನಡೆದುದೇನೆಂಬುದು ನಿಚ್ಚಳವಾಗುತ್ತದೆ. ಒಳಗಿರುವ 0.1 ತನ್ನ ಹೆಸರಿಗಿಂತ ತುಸು ದೊಡ್ಡದು, 0.2 ಅದರ ಎರಡರಷ್ಟಾದುದರಿಂದ ಅದೂ ದೊಡ್ಡದು, 0.3 ಮಾತ್ರ 0.29999999999999998889… ಎಂದು ತುಸು ಚಿಕ್ಕದು. ಮೊದಲೆರಡರ ಮೊತ್ತವನ್ನು ಯಾವ ನಷ್ಟವೂ ಇಲ್ಲದೆ ತೆಗೆದರೆ ಎರಡರ 54ನೆಯ ಘಾತವನ್ನು ಛೇದವಾಗಿ ಉಳ್ಳ ಭಿನ್ನದಲ್ಲಿ ಅಂಶವು 5404319552844595.5 ಆಗುತ್ತದೆ. ಅರೆಗೆ ಸ್ಥಳವಿಲ್ಲ, ಮೊತ್ತವು ನೆರೆಯ ಎರಡು ಸಂಖ್ಯೆಗಳ ನಟ್ಟನಡುವೆ ನಿಂತಿದೆ. ಹೀಗಾದಾಗ ಸಮಸಂಖ್ಯೆಯ ಕಡೆಗೆ ಹೋಗಬೇಕೆಂಬುದು ಮಾನಕದ ನಿಯಮ, ಆ ಪ್ರಕಾರ ಅಂಶವು 5404319552844596 ಆಯಿತು, 0.3 ಎಂಬ ಹೆಸರುಳ್ಳ ಸಂಖ್ಯೆಯ ಅಂಶವಾದರೋ 5404319552844595. ಮೂರು ಬಾರಿ ಕೊಟ್ಟ ಒಂದೊಂದಾಣೆಗೂ ಒಮ್ಮೆಲೇ ಕೊಟ್ಟ ಮೂರಾಣೆಗೂ ಪೈಸೆಯ ಭೇದ ಬಂದಂತೆಯೇ ಇಲ್ಲಿಯೂ ಭಾಗಗಳನ್ನು ಬೇರೆ ಬೇರೆಯಾಗಿ ಸಮೀಪಿಸಿದುದಕ್ಕೂ ಇಡಿಯನ್ನು ಒಮ್ಮೆಗೇ ಸಮೀಪಿಸಿದುದಕ್ಕೂ ಒಂದಂಕಿಯ ಭೇದ ಬಂದಿದೆ. ಪ್ರತಿಯೊಂದು ಹೆಜ್ಜೆಯೂ ನಿಯಮಬದ್ಧ. ಪ್ರತಿಯೊಂದನ್ನೂ ಕಾಗದದ ಮೇಲೆ ಪರೀಕ್ಷಿಸಬಹುದು.

ದಶಮಾನವನ್ನು ಓದಿ ದ್ವಿಮಾನಕ್ಕೆ ತಿರುಗಿಸುವ ಪ್ರೋಗ್ರಾಂಗಳಲ್ಲಿ ಸೂಕ್ಷ್ಮವಾದ ದೋಷವೊಂದು ಉಳಿದರೂ ಎಂತಹ ವಿಪತ್ತು ಬರಬಹುದೆಂಬುದು 2011ರ ಜನವರಿಯಲ್ಲಿ ಲೋಕಕ್ಕೆ ತಿಳಿಯಿತು. ಹತ್ತರ ಋಣ 308ನೆಯ ಘಾತದಿಂದ ಗುಣಿತವಾದ 2.2250738585072011 ಎಂಬ ಸಂಖ್ಯೆಯನ್ನು ಪಿಎಚ್‌ಪಿ ಭಾಷೆಯ ಕೆಲವು ಆವೃತ್ತಿಗಳಿಗೆ ಕೊಟ್ಟರೆ ಅವು ಎಂದೂ ಮುಗಿಯದ ಆವರ್ತನೆಯಲ್ಲಿ ಸಿಕ್ಕಿಬೀಳುತ್ತಿದ್ದವು. ಹಳೆಯ ಇಂಟೆಲ್ ಮಾದರಿಯ ಗಣಿತ ಭಾಗವು ತನ್ನ ರಿಜಿಸ್ಟರುಗಳಲ್ಲಿ 80 ಬಿಟ್‌ಗಳನ್ನು ಹಿಡಿಯುತ್ತಿದ್ದು, ಉತ್ತರವನ್ನು ಹೆಜ್ಜೆಹೆಜ್ಜೆಗೂ ತಿದ್ದುತ್ತ ಸಾಗುವ ಪ್ರೋಗ್ರಾಂ 64 ಬಿಟ್‌ಗಳೆಂದು ನಂಬಿ ಬರೆದುದಾಗಿದ್ದುದರಿಂದ, ಈ ಒಂದು ಎಡೆಯಲ್ಲಿ ತಿದ್ದುಪಡಿಯು ಎಂದಿಗೂ ಗುರಿಯನ್ನು ಮುಟ್ಟುತ್ತಿರಲಿಲ್ಲ. ದೂರದಲ್ಲಿ ಕುಳಿತ ಯಾರಾದರೂ ಆ ಅಂಕಿಗಳನ್ನು ಕಳುಹಿಸಿ ಸರ್ವರ್ ಒಂದನ್ನು ಸ್ತಬ್ಧಗೊಳಿಸುವುದು ಸಾಧ್ಯವಿತ್ತು. ಪಿಎಚ್‌ಪಿಯ ದೋಷವನ್ನು ಬೇಗನೆ ಸರಿಪಡಿಸಿದರು. ಕೆಲವೇ ವಾರಗಳಲ್ಲಿ ಜಾವಾದಲ್ಲಿಯೂ ಅದೇ ಎಡೆಯ ನೆರೆಯಲ್ಲಿ ಅಂಥದೇ ದೋಷವಿರುವುದು ಗೊತ್ತಾಯಿತು.

ಹಣದ ಲೆಕ್ಕ ಬರೆಯುವವರಿಗೆ ಈ ವಿಷಯವು ನಿತ್ಯವ್ಯವಹಾರದ್ದು. 2.675 ರೂಪಾಯಿಯನ್ನು ಎರಡು ಸ್ಥಾನಗಳಿಗೆ ಸಮೀಪಿಸಿದರೆ 2.68 ಬರಬೇಕಲ್ಲದೆ 2.67 ಬಂದಿತೇಕೆಂದು ಪ್ರಶ್ನಿಸುವವರು, ಒಳಗಿರುವ ಸಂಖ್ಯೆಯ ಪೂರ್ಣರೂಪವು 2.67499999999999982236… ಎಂದಿರುವುದನ್ನು ನೋಡಿದೊಡನೆ ಯಂತ್ರವು ತನಗೆ ದೊರೆತುದನ್ನು ಸರಿಯಾಗಿಯೇ ಸಮೀಪಿಸಿತೆಂದು ಒಪ್ಪಲೇಬೇಕು. ಆದರೆ ಅದರಿಂದ ಗ್ರಾಹಕನ ಲೆಕ್ಕ ಸರಿಹೋಗುವುದಿಲ್ಲವಷ್ಟೆ. ಇಂತಹ ಕಡೆಗಳಲ್ಲಿ ದಶಮಾನದಲ್ಲಿಯೇ ಲೆಕ್ಕಮಾಡುವ ಪ್ರಕಾರಗಳನ್ನು, ಪೈಥಾನಿನಲ್ಲಿ ಡೆಸಿಮಲ್ ಎಂಬುದನ್ನೂ ಜಾವಾದಲ್ಲಿ ಬಿಗ್‌ಡೆಸಿಮಲ್ ಎಂಬುದನ್ನೂ, ಬಳಸಬೇಕು. ಇಲ್ಲವೆ ಎಲ್ಲವನ್ನೂ ಪೈಸೆಗಳ ಪೂರ್ಣಾಂಕವಾಗಿ ಇಟ್ಟುಕೊಳ್ಳಬೇಕು. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಬಿಗ್‌ಡೆಸಿಮಲ್‌ಗೆ 0.1ನ್ನು ಡಬಲ್ ಸಂಖ್ಯೆಯಾಗಿ ಕೊಟ್ಟರೆ ಅದು ಪ್ರಾಮಾಣಿಕವಾಗಿ ಆ 55 ಅಂಕಿಗಳನ್ನೂ ಸ್ವೀಕರಿಸುತ್ತದೆ. ಉದ್ಧರಣ ಚಿಹ್ನೆಗಳ ನಡುವೆ ಅಕ್ಷರಮಾಲೆಯಾಗಿ ಕೊಟ್ಟರೆ ಮಾತ್ರ ಶುದ್ಧವಾದ ಹತ್ತನೆಯ ಒಂದಂಶವಾಗಿ ಗ್ರಹಿಸುತ್ತದೆ. ಡಬಲ್‌ನೊಳಗೆ ಒಮ್ಮೆ ಹೊಕ್ಕ ಮೇಲೆ ಬರೆದವನ ಉದ್ದೇಶವೇನಿತ್ತೆಂಬುದು ಅಳಿಸಿಹೋಗಿರುತ್ತದೆ. ಯಾವ ಖಚಿತ ಪರಿವರ್ತನೆಯೂ ಅದನ್ನು ಮರಳಿ ತರಲಾರದು. ಅತಿಹ್ರಸ್ವ ರೂಪವು ಅದನ್ನು ಊಹಿಸುತ್ತದೆ, ಮತ್ತು 15 ಅಂಕಿಗಳವರೆಗೆ ಬರೆದ ಸಂಖ್ಯೆಗಳಲ್ಲಿ ಆ ಊಹೆ ಸಾಮಾನ್ಯ ವ್ಯಾಪ್ತಿಯೊಳಗೆ ಸುಳ್ಳಾಗುವುದಿಲ್ಲ. ಆದರೆ ಹಲವು ಲೆಕ್ಕಗಳನ್ನು ಹಾದುಬಂದ ಫಲದ ವಿಷಯದಲ್ಲಿ ಅಂತಹ ಭರವಸೆಯನ್ನು ಯಾರೂ ಕೊಡಲಾರರು.

ದಶಮಾನವನ್ನೇ ಯಂತ್ರದ ಮೂಲಭಾಷೆಯಾಗಿ ಮಾಡಬಾರದೇಕೆಂಬ ಪ್ರಶ್ನೆ ಹಳೆಯದು. ಎನಿಯಾಕ್ ಎಂಬ ಆರಂಭಕಾಲದ ಗಣಕಯಂತ್ರವು ದಶಮಾನದಲ್ಲಿಯೇ ಲೆಕ್ಕಮಾಡುತ್ತಿತ್ತು. ವಾಣಿಜ್ಯಕ್ಕೆಂದು ಹುಟ್ಟಿದ ಕೋಬಾಲ್ ಭಾಷೆ ದಶಮಾನವನ್ನು ಎಂದೂ ಕೈಬಿಡಲಿಲ್ಲ. ಐಬಿಎಂ ಸಂಸ್ಥೆಯ ಮೈಕ್ ಕೌಲಿಶಾ ಅವರ ದೀರ್ಘ ಪ್ರಯತ್ನದ ಫಲವಾಗಿ 2007ರ ಪವರ್6 ಪ್ರೊಸೆಸರಿನಲ್ಲಿ ದಶಮಾನ ಫ್ಲೋಟಿಂಗ್ ಪಾಯಿಂಟ್ ಗಣಿತಕ್ಕೆ ಯಂತ್ರಾಂಗವೇ ಏರ್ಪಟ್ಟಿತು. 2008ರಲ್ಲಿ ಪರಿಷ್ಕೃತವಾದ ಐಇಇಇ ಮಾನಕದಲ್ಲಿ 16 ಮತ್ತು 34 ಅಂಕಿಗಳ ದಶಮಾನ ರೂಪಗಳು ಸೇರಿಕೊಂಡವು. ಇವುಗಳಲ್ಲಿ ಹತ್ತನೆಯ ಒಂದಂಶವು ಶುದ್ಧವಾಗಿ ನಿಲ್ಲುತ್ತದೆ, ಮೂರನೆಯ ಒಂದಂಶಕ್ಕೆ ಮಾತ್ರ ಇಲ್ಲಿಯೂ ನೆಲೆಯಿಲ್ಲ. ಇನ್ನು ದ್ವಿಮಾನದ ಡಬಲ್‌ನಿಂದ ಸಂಖ್ಯೆಯನ್ನು ಇತ್ತ ತರುವಾಗ 34 ಅಂಕಿಗಳ ದೊಡ್ಡ ರೂಪವೂ ಕೆಲವೊಮ್ಮೆ ಸಾಲದಾಗುತ್ತದೆ: ನಾವು ಕೈಗೆತ್ತಿಕೊಂಡ ಸಂಖ್ಯೆಯು ಅಲ್ಲಿ 0.1000000000000000055511151231257827 ಎಂದು ನಿಂತು, ಉಳಿದ 21 ಅಂಕಿಗಳನ್ನು ಕಳೆದುಕೊಳ್ಳುತ್ತದೆ. ಅವುಗಳೂ ಬೇಕೆನ್ನುವವನು 3602879701896397ನ್ನು ಐದರ 55ನೆಯ ಘಾತದಿಂದ ಗುಣಿಸಿ, ಬಿಂದುವನ್ನು 55 ಸ್ಥಾನ ಎಡಕ್ಕೆ ಇಡುವ ಮಾರ್ಗವನ್ನೇ ಹಿಡಿಯಬೇಕು.